ರಕ್ತ ನುಡಿಯುವ ಸಾಕ್ಷ್ಯ



ವೈದ್ಯಶಾಸ್ತ್ರದ ಕೆಲವು ಕನ್ನಡ ಪದಗಳು ತಮ್ಮ ಅರ್ಥವನ್ನು ತಾವೇ ಹೇಳಿಬಿಡುತ್ತವೆ. ‘ಉರಿಯೂತ’ ಅಂಥದೊಂದು ಪದ. ಕಾಲಿಗೆ ಮುಳ್ಳು ನೆಟ್ಟ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಹೊರಗಿನಿಂದ ನುಗ್ಗಿದ ವೈರಿಯೊಡನೆ ದೇಹವು ಹೂಡಿದ ಕಾಳಗ ಅದು. ಮುಳ್ಳು ಹೊರಬಂದು ಗಾಯ ಮಾಯ್ದರೆ ಕಾಳಗವೂ ನಿಲ್ಲುತ್ತದೆ. ಆದರೆ ಗಾಯವು ಮಾಯದೆ ಒಳಗೇ ಉಳಿದರೆ? ಕ್ಯಾನ್ಸರಿನ ಗಡ್ಡೆಯನ್ನು ಅಂಥ ಮಾಯದ ಗಾಯಕ್ಕೆ ಹೋಲಿಸಿದವರು ಅಮೆರಿಕದ ವಿಜ್ಞಾನಿ ಹೆರಾಲ್ಡ್ ದ್ವೋರಾಕ್, 1986ರಲ್ಲಿ. ಅವರಿಗಿಂತ ನೂರಿಪ್ಪತ್ತು ವರ್ಷಗಳಿಗೂ ಹಿಂದೆ, 1863ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಚೋ ಗಡ್ಡೆಗಳೊಳಗೆ ಬಿಳಿಯ ರಕ್ತಕಣಗಳು ಇರುವುದನ್ನು ಕಂಡು, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿರಬೇಕೆಂದು ಊಹಿಸಿದ್ದರು. ಹೆಂಗಸರ ಅಂಡಾಶಯದ ಕ್ಯಾನ್ಸರಿನಲ್ಲಿ ಈ ನಂಟಿನ ವಿಷಯವಾಗಿ ರಕ್ತಪರೀಕ್ಷೆಯು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದೇ ಇಂದಿನ ಮಾತು.

ನಾನು ವೈದ್ಯನಲ್ಲ, ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಇಂಗ್ಲಿಷ್ ಓದಬಲ್ಲ ಮೇಷ್ಟರ ಮನೆಗೆ ಕಾಗದಪತ್ರಗಳು ತಾವಾಗಿಯೇ ಬರುತ್ತವೆ. ಹಿಂದೆ ಕೋರ್ಟಿನ ನೋಟೀಸುಗಳು ಬರುತ್ತಿದ್ದವು. ಈಗ ಲ್ಯಾಬೊರೇಟರಿಯ ರಿಪೋರ್ಟುಗಳು ಬರುತ್ತವೆ. “ಮೇಷ್ಟ್ರೇ, ನಮ್ಮವ್ವಂಗೆ ಇನ್ನೆಷ್ಟು ದಿನ ಅಂತ ಇದ್ರಲ್ಲಿ ಬರ್ದೈತಾ?” ಎಂದು ಅರಕಲಗೂಡಿನ ಕಡೆಯ ತರುಣನೊಬ್ಬ ಕೇಳಿದ್ದುಂಟು. ಆ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಅದನ್ನು ಸ್ವಲ್ಪ ವಿಚಾರ ಮಾಡಿಯೇ ನೋಡಬೇಕು.

ಅಂಡಾಶಯವೆಂಬುದು ಕಿಬ್ಬೊಟ್ಟೆಯ ಆಳದಲ್ಲಿರುವ ಬಾದಾಮಿಯಷ್ಟು ಗಾತ್ರದ ಅಂಗ. ಅಲ್ಲಿ ಗಡ್ಡೆ ಹುಟ್ಟಿದರೆ ಕೈಗೆ ಸಿಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಬಹುಪಾಲು ರೋಗಿಗಳಲ್ಲಿ ರೋಗವು ಹೊಟ್ಟೆಯೊಳಗೆಲ್ಲ ಹರಡಿದ ಮೇಲೆಯೇ ಪತ್ತೆಯಾಗುತ್ತದೆ. 1980ರ ದಶಕದ ಆರಂಭದಿಂದ ನಡೆದುಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ಜೊತೆಗೆ ಇದೂ ಹೆಂಗಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ನಿಂತಿದೆ.

ಈ ಅಡಗಿದ ರೋಗವನ್ನು ರಕ್ತದಲ್ಲಿ ಹಿಡಿಯುವ ಯತ್ನ ಫಲಿಸಿದ್ದು 1981ರಲ್ಲಿ. ಬಾಸ್ಟನ್ನಿನಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಒಂದು ಪ್ರೋಟೀನಿನ ಸುಳಿವು ಹಿಡಿದರು. ಅದೇ ಇಂದಿನ ರಿಪೋರ್ಟುಗಳಲ್ಲಿ ಕಾಣುವ ಸಿಎ-125. ಹೀಗೆ ಪರೀಕ್ಷಿಸುತ್ತ ಹೋದ ತಳಿಗಳಲ್ಲಿ 125ನೆಯದು ಫಲ ಕೊಟ್ಟಿತೆಂದು ಆ ಅಂಕಿ. ಒಂದು ಮಿಲಿಲೀಟರಿಗೆ 35 ಯೂನಿಟ್ಟನ್ನು ಮೇಲ್ಮಿತಿಯೆಂದು ಇಟ್ಟರು. 1983ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಅಂಡಾಶಯದ ಕ್ಯಾನ್ಸರಿನ 101 ರೋಗಿಗಳ ಪೈಕಿ ಶೇಕಡ 82ರಷ್ಟು ಮಂದಿಯಲ್ಲಿ ಈ ಮಿತಿ ಮೀರಿತ್ತು. 888 ಆರೋಗ್ಯವಂತರಲ್ಲಿ ಮೀರಿದ್ದು ಶೇಕಡ 1ರಷ್ಟು ಮಂದಿಯಲ್ಲಿ ಮಾತ್ರ.

ಹಾಗಾದರೆ 35 ಮೀರಿದ ಕೂಡಲೆ ಕ್ಯಾನ್ಸರ್ ಎನ್ನಬಹುದೆ? ಅದು ಆಗದು. ಈ ಪ್ರೋಟೀನು ಗಡ್ಡೆಯ ಸ್ವಂತ ಸೊತ್ತಲ್ಲ. ಹೊಟ್ಟೆಯ ಒಳಪೊರೆ ಕೆರಳಿದಾಗಲೆಲ್ಲ ರಕ್ತದಲ್ಲಿ ಏರುತ್ತದೆ. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಯಕೃತ್ತು ಹೃದಯಗಳ ಕಾಯಿಲೆಯಲ್ಲಿ ಏರಬಹುದು. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು ತುಂಬಿ, ಮೈ ಸೊರಗಿ, ಸಿಎ-125 ನೂರುಗಳ ಲೆಕ್ಕದಲ್ಲಿ ಏರಿದ ಹೆಂಗಸಿಗೆ ಇರುವುದು ಕ್ಷಯವೇ ಆಗಿರಬಹುದು. ತಿಂಗಳುಗಟ್ಟಲೆ ಕ್ರಮವಾಗಿ ಔಷಧಿ ಕೊಟ್ಟರೆ ಆಕೆ ಗುಣವಾಗಬಲ್ಲಳು. ಒಂದು ಅಂಕಿಯನ್ನು ನೋಡಿ ಕೈಚೆಲ್ಲಿದ ಮನೆಯವರು ಗುಣವಾಗಬಲ್ಲ ರೋಗಿಯನ್ನೇ ಕಳೆದುಕೊಂಡಾರು. ಆದ್ದರಿಂದ ಹೊಟ್ಟೆಯ ನೀರನ್ನೋ ಅಂಗಾಂಶದ ಚೂರನ್ನೋ ಪರೀಕ್ಷಿಸದೆ ರೋಗದ ಹೆಸರನ್ನು ನಿರ್ಧರಿಸಲಾಗದು.

ಇನ್ನು ಉರಿಯೂತದ ಗುರುತುಗಳಿಗೆ ಬರೋಣ. ಇವಕ್ಕೆ ದುಬಾರಿ ಪರೀಕ್ಷೆ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೂ ನಡೆಯುವ ರಕ್ತಕಣಗಳ ಎಣಿಕೆಯಲ್ಲೇ ಅವು ಅಡಗಿವೆ. ಬಿಳಿಯ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬವು ಉರಿಯೂತದ ಮುಂಚೂಣಿಯ ಪದಾತಿಗಳು. ಲಿಂಫೋಸೈಟುಗಳು ಗಡ್ಡೆಯ ಕಣಗಳನ್ನು ಗುರುತಿಸಿ ಹೊಡೆಯಬಲ್ಲ ಪಡೆ. ಮೊದಲನೆಯವು ಹೆಚ್ಚಿ ಎರಡನೆಯವು ಕುಗ್ಗಿದರೆ, ಅಂದರೆ ಇವೆರಡರ ಪ್ರಮಾಣ ಏರಿದರೆ, ಅಂಥ ರೋಗಿಗಳ ಮುಂದಿನ ದಾರಿ ಒಟ್ಟಾರೆ ಕಠಿಣವೆಂದು ಅನೇಕ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳ ಕಥೆಯೂ ಹಾಗೆಯೇ. ಅವುಗಳ ಸಹಜ ಮೇಲ್ಮಿತಿ ನಾಲ್ಕೂವರೆ ಲಕ್ಷ. ಟೆಕ್ಸಾಸಿನ ಅನಿಲ್ ಸೂದ್ ಮತ್ತು ಸಂಗಡಿಗರು 2012ರಲ್ಲಿ 619 ರೋಗಿಗಳನ್ನು ಪರಿಶೀಲಿಸಿದಾಗ ಶೇಕಡ 31ರಷ್ಟು ಮಂದಿಯಲ್ಲಿ ಈ ಮಿತಿ ಮೀರಿತ್ತು. ಅವರ ಬದುಕಿನ ಅವಧಿಯೂ ಕಡಿಮೆಯಾಗಿತ್ತು. ಕಾರಣವನ್ನೂ ಅವರು ತೋರಿಸಿದರು: ಗಡ್ಡೆಯು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಸ್ತುವನ್ನು ಹೊರಡಿಸುತ್ತದೆ, ಅದರ ಪ್ರೇರಣೆಯಿಂದ ಯಕೃತ್ತು ಪ್ಲೇಟ್‌ಲೆಟ್ಟುಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಹೆಚ್ಚಿದ ಪ್ಲೇಟ್‌ಲೆಟ್ಟುಗಳು ಮತ್ತೆ ಗಡ್ಡೆಯ ಬೆಳವಣಿಗೆಗೇ ಒತ್ತಾಸೆಯಾಗುತ್ತವೆ. ವೈರಿಯು ನಮ್ಮ ಕೋಟೆಯ ಉಗ್ರಾಣದಿಂದಲೇ ದವಸ ತರಿಸಿಕೊಂಡಂತೆ. ಇದೇ ಉರಿಯೂತ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನನ್ನು ತಗ್ಗಿಸುತ್ತದೆ. ಅದು ತಗ್ಗಿರುವಾಗ ಶಸ್ತ್ರಚಿಕಿತ್ಸೆಯ ಅಪಾಯವೂ ಹೆಚ್ಚು.

ಇಷ್ಟೆಲ್ಲ ತಿಳಿದ ಮೇಲೆ ಆ ತರುಣನ ಪ್ರಶ್ನೆಗೆ ಉತ್ತರವೇನು? ರಿಪೋರ್ಟಿನಲ್ಲಿ ಅವ್ವನ ದಿನಗಳನ್ನು ಬರೆದಿಲ್ಲ. ಗೊರೂರಿನ ಅಣೆಕಟ್ಟೆಯಲ್ಲಿ ಹೇಮಾವತಿಯ ಮಟ್ಟ ಏರಿದರೆ ಮೇಲೆ ಮೂಡಿಗೆರೆ, ಸಕಲೇಶಪುರಗಳ ಕಡೆ ಮಳೆ ಬಿದ್ದಿದೆಯೆಂದು ತಿಳಿಯುತ್ತದೆ. ಯಾರ ಗದ್ದೆಯ ಪೈರು ಕೊಚ್ಚಿಹೋಯಿತೆಂದು ಆ ಅಳತೆಗೋಲು ಹೇಳುವುದಿಲ್ಲ. ನೂರಾರು ರೋಗಿಗಳ ಸರಾಸರಿಯನ್ನು ಒಬ್ಬಳ ಹಣೆಬರಹವೆಂದು ಓದಬಾರದು. ಹಲ್ಲಿನ ಕೀವು, ಮೂತ್ರದ ಸೋಂಕು, ಸಾಧಾರಣ ಜ್ವರ ಕೂಡ ಈ ಅಂಕಿಗಳನ್ನು ಏರಿಸುತ್ತವೆ. ರೋಗದ ಹಂತ ಯಾವುದು, ಗಡ್ಡೆಯ ಜಾತಿ ಯಾವುದು, ಶಸ್ತ್ರಚಿಕಿತ್ಸೆಯಲ್ಲಿ ಎಷ್ಟನ್ನು ತೆಗೆಯಲಾಯಿತು, ಔಷಧಿಗೆ ಗಡ್ಡೆ ಹೇಗೆ ಮಣಿಯಿತು, ಇವೇ ಹೆಚ್ಚು ತೂಕದ ಸಂಗತಿಗಳು. ಚಿಕಿತ್ಸೆಯ ಮೊದಲ ನೂರು ದಿನಗಳಲ್ಲಿ ಸಿಎ-125 ಎಷ್ಟು ವೇಗವಾಗಿ ಇಳಿಯಿತೆಂಬುದು ಮೊದಲ ದಿನದ ಅಂಕಿಗಿಂತ ಹೆಚ್ಚು ಅರ್ಥಪೂರ್ಣ.

ಅಂಕಿಗೆ ಅತಿಯಾಗಿ ಅಂಜುವುದರಿಂದಾಗಲಿ ಅದನ್ನು ಅತಿಯಾಗಿ ನಂಬುವುದರಿಂದಾಗಲಿ ಪ್ರಯೋಜನವಿಲ್ಲವೆಂದು ಎರಡು ದೊಡ್ಡ ಪ್ರಯೋಗಗಳು ತೋರಿಸಿವೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯವಂತ ಮಹಿಳೆಯರನ್ನು ಸೇರಿಸಿಕೊಂಡು, ಅವರಲ್ಲಿ ಕೆಲವು ಗುಂಪುಗಳನ್ನು ವರ್ಷವರ್ಷವೂ ರಕ್ತಪರೀಕ್ಷೆಗೋ ಸ್ಕ್ಯಾನಿಂಗಿಗೋ ಒಳಪಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇದರಿಂದ ಸಾವುಗಳು ಕಡಿಮೆಯಾಗಲಿಲ್ಲ. ಚಿಕಿತ್ಸೆ ಮುಗಿದು ನೆಮ್ಮದಿಯಾಗಿದ್ದ 529 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗವು 2010ರಲ್ಲಿ ತಿಳಿಸಿದ್ದೇನೆಂದರೆ, ಲಕ್ಷಣಗಳಿಲ್ಲದೆ ಅಂಕಿ ಮಾತ್ರ ಏರಿದಾಗಲೇ ಔಷಧಿ ಶುರುಮಾಡಿದವರು, ಲಕ್ಷಣ ಕಂಡ ಮೇಲೆ ಶುರುಮಾಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ.

ಹಾಗಾದರೆ ನಾವು ಗಮನಿಸಬೇಕಾದುದು ಯಾವುದನ್ನು? ಮೈ ಆಡುವ ಮಾತನ್ನು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುವುದು: ಈ ನಾಲ್ಕರಲ್ಲಿ ಯಾವುದಾದರೂ ಒಂದು ವರ್ಷದೊಳಗೆ ಹೊಸದಾಗಿ ಆರಂಭವಾಗಿ, ತಿಂಗಳಲ್ಲಿ 12 ದಿನಗಳಿಗಿಂತ ಹೆಚ್ಚು ಕಾಡಿದರೆ ಪರೀಕ್ಷೆ ಅಗತ್ಯವೆಂದು 2007ರಲ್ಲಿ ಅಮೆರಿಕದ ಬಾರ್ಬರಾ ಗಾಫ್ ಮತ್ತು ಸಂಗಡಿಗರು ತಿಳಿಸಿದರು. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ‘ಗ್ಯಾಸು’ ಎಂಬ ಒಂದೇ ಹೆಸರು, ಓಮದ ಕಷಾಯವೆಂಬ ಒಂದೇ ಮದ್ದು. ಮುಟ್ಟು ನಿಂತ ಹೆಂಗಸು ತನ್ನ ಕಿಬ್ಬೊಟ್ಟೆಯ ವಿಷಯವನ್ನು ಮಗನೆದುರು ಎತ್ತಲು ನಾಚುತ್ತಾಳೆ. ಮಗನಿಗೂ ಕೇಳಲು ಸಂಕೋಚ. ಹೀಗೆ ಸಂಕೋಚದಲ್ಲಿ ಕಳೆದ ತಿಂಗಳುಗಳು ಯಾವ ರಿಪೋರ್ಟಿನಲ್ಲೂ ಕಾಣಿಸುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಿಂದ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ದಾರಿಯಿದೆ. ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಬೇಕು. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ವೈದ್ಯರಿಗೆ ಅದರಿಂದ ತಿಳಿಯುತ್ತದೆ. ಪಥ್ಯವೆಂದು ರೋಗಿಗೆ ಬರಿಯ ಗಂಜಿ ಕೊಟ್ಟು ಸೊರಗಿಸಬಾರದು. ಬೇಳೆ, ಕಾಳು, ಹಾಲು, ಒಗ್ಗಿದವರಿಗೆ ಮೊಟ್ಟೆ, ಇವು ಚಿಕಿತ್ಸೆಯನ್ನು ತಾಳಿಕೊಳ್ಳಲು ಬೇಕಾದ ಬಲ. “ನಂಬರು ಜಾಸ್ತಿಯಿದೆ, ಇನ್ನು ಬೆಂಗಳೂರಿಗೆ ಏಕೆ?” ಎಂಬ ಮಾತನ್ನು ಮನೆಯವರು ಆಡಬಾರದು. ರಕ್ತವು ಸಾಕ್ಷ್ಯ ನುಡಿಯುತ್ತದೆ, ಅದನ್ನು ಆದರದಿಂದ ಕೇಳಬೇಕು. ಉಳಿದ ಸಾಕ್ಷ್ಯಗಳನ್ನೂ ಕೂಡಿಸಿ ನಿರ್ಣಯಕ್ಕೆ ಬರುವ ಕೆಲಸ ವೈದ್ಯರದು. ರೋಗಿಯನ್ನು ಅವರ ಬಳಿಗೆ ತಡಮಾಡದೆ ಕರೆದೊಯ್ಯುವ ಕೆಲಸ ನಮ್ಮದು.