ಸಂಜೆಯ ರೇಡಿಯೋ, ಮನೆಯ ವಾದ

ದೀಪ ಹಚ್ಚಿದ ತರುವಾಯ ಪಡಸಾಲೆಯಲ್ಲಿ ಕುಳಿತು ರೇಡಿಯೋ ಕೇಳುವುದು ಚಿಕ್ಕೋಡಿಯ ನಮ್ಮ ಮನೆಯ ಬಹುಕಾಲದ ಪದ್ಧತಿಯು. ಧಾರವಾಡದ ಆಕಾಶವಾಣಿಯು 1950ರ ಜನವರಿ 8ರಂದು ಆರಂಭವಾಯಿತು, ಸಾಂಗಲಿಯದು 1963ರಲ್ಲಿ. ಆದುದರಿಂದ ನಿಪ್ಪಾಣಿ, ಕಾಗವಾಡಗಳ ಕಡೆಗೆ ಕನ್ನಡ, ಮರಾಠಿಗಳೆರಡರ ವಾರ್ತೆಗಳೂ ಕಿವಿಗೆ ಬೀಳುವುದುಂಟು.

ವಾರ್ತೆ ಮುಗಿದೊಡನೆ ಮನೆಯ ಚರ್ಚೆಯು ಮೊದಲಾಗುವುದು. 2005ರಲ್ಲಿಯೂ 2019ರಲ್ಲಿಯೂ ಊರುಗಳನ್ನು ಮುಳುಗಿಸಿದ ಕೃಷ್ಣೆಯ ನೆರೆ, ಕಬ್ಬಿನ ದರ, ಎಲ್ಲಕ್ಕೂ ಮಿಗಿಲಾಗಿ ಚಿಕ್ಕೋಡಿ ಜಿಲ್ಲೆಯ ಮಾತು. 1997ರಲ್ಲಿ ಜೆ. ಎಚ್. ಪಟೇಲರ ಸರಕಾರವು ಈ ಜಿಲ್ಲೆಯನ್ನು ಘೋಷಿಸಿ ಹಿಂದೆಗೆದುಕೊಂಡಿತಷ್ಟೆ. ಗಡಿವಿವಾದ ತೀರದೆ ಬೆಳಗಾವಿ ಜಿಲ್ಲೆಯನ್ನೊಡೆದರೆ ಅಲ್ಲಿ ಕನ್ನಡದ ಬಲ ಕುಂದೀತೆಂಬುದು ಒಂದು ಪಕ್ಷ. ಅಥಣಿ, ರಾಯಬಾಗಗಳ ಬಡವನು ಒಂದು ಕಾಗದಕ್ಕಾಗಿ ಅಷ್ಟು ದೂರ ಏಕೆ ಅಲೆಯಬೇಕೆಂಬುದು ಇನ್ನೊಂದು.

ಗೌತಮನ ನ್ಯಾಯಸೂತ್ರಗಳು ಚರ್ಚೆಯಲ್ಲಿ ಮೂರು ಬಗೆಗಳನ್ನು ಹೇಳುತ್ತವೆ: ತತ್ತ್ವವನ್ನರಿಯಲು ವಾದ, ಗೆಲ್ಲಲು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಪರಪಕ್ಷವನ್ನು ಕೆಡವಲು ವಿತಂಡ. ಶಾಲೆಯಲ್ಲಿ ಇದನ್ನು ಬೋಧಿಸಿದ ನಾನೇ ಮೊದಲ ಪಕ್ಷವನ್ನು ಹಿಡಿದು ಒಂದು ಸಂಜೆ ಜಲ್ಪಕ್ಕಿಳಿದೆನು. ಅಥಣಿಯಿಂದ ಬಂದ ಸೊಸೆಯು ಮೆಲ್ಲನೆ, “ಮಾವನವರೇ, ನಮ್ಮ ತಂದೆಯವರು ಒಂದು ಸಹಿಗಾಗಿ ಬೆಳಗಾವಿಗೆ ಮೂರು ಸಲ ಹೋಗಿ ಬಂದರು” ಎಂದಳು.

ನಾನು ಉತ್ತರ ಕಾಣದೆ ಸುಮ್ಮನಾದೆನು. ಕನ್ನಡದ ಚಿಂತೆ ನನಗೆ ಇಂದಿಗೂ ಉಂಟು. ಆದರೆ ಆ ಮೂರು ಪ್ರಯಾಣಗಳನ್ನು ಲೆಕ್ಕಕ್ಕೆ ಹಿಡಿಯದೆ ಮಾತನಾಡಲಾರೆನು.

ವಾಚಕರೇ, ರೇಡಿಯೋ ಒಬ್ಬರು ನುಡಿದು ಉಳಿದವರೆಲ್ಲರೂ ಕೇಳುವ ಯಂತ್ರವು, ಮನೆಯು ಹಾಗಾಗಬಾರದು. ಕಷ್ಟ ಉಂಡವರ ಮಾತು ಅಲ್ಲಿ ಮೊದಲು ಕೇಳಲಿ.