ಕರೆಂಟ್ ಹೋದರೆ ನಿಮ್ಮ ಮನೆ ಸಿದ್ಧವೇ?

ಮದೀನತ್ ಜಾಯೆದ್: ಇಲ್ಲಿ ಕರೆಂಟ್ ಹೋಗುವುದು ಅಪರೂಪ. ಆದರೆ 2005ರ ಜೂನ್ 9ರಂದು ಇಡೀ ದುಬೈ ಹಲವು ಗಂಟೆ ವಿದ್ಯುತ್ ಇಲ್ಲದೆ ಪರದಾಡಿತ್ತು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ನಮ್ಮ ಕಡೆ ಕತ್ತಲೆಗಿಂತ ಸೆಕೆಯೇ ಅಪಾಯಕಾರಿ.

ಸ್ವಲ್ಪ ಹೊತ್ತಾದರೆ: ಟಾರ್ಚ್, ಪವರ್ ಬ್ಯಾಂಕ್ ಸಾಕು. ಲಿಫ್ಟ್ ಹತ್ತಬೇಡಿ. ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯಿರಿ. ಬಾಗಿಲು ತೆರೆಯದಿದ್ದರೆ ಫ್ರಿಜ್‌ನಲ್ಲಿ ಆಹಾರ ಸುಮಾರು 4 ಗಂಟೆ, ತುಂಬಿದ ಫ್ರೀಜರ್‌ನಲ್ಲಿ 48 ಗಂಟೆ ಕೆಡುವುದಿಲ್ಲ.

ಹೆಚ್ಚು ಹೊತ್ತಾದರೆ: ಪಂಪ್ ನಿಂತು ನಲ್ಲಿಯಲ್ಲೂ ನೀರು ಬಾರದು. ತಲೆಗೆ ದಿನಕ್ಕೆ 4 ಲೀಟರ್‌ನಂತೆ 3 ದಿನದ ನೀರು, ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಇನ್ಸುಲಿನ್ ಇಡಲು ಐಸ್ ಪೆಟ್ಟಿಗೆ ಇರಲಿ. ಹಸುಗೂಸು, ವೃದ್ಧರಿದ್ದರೆ ಕಾಯುತ್ತಾ ಕೂರದೆ ಎಸಿ ಇರುವ ಬಂಧುಮಿತ್ರರ ಮನೆಗೆ ಕರೆದೊಯ್ಯಿರಿ. ಯಾರಾದರೂ ತಲೆಸುತ್ತಿ ಬಿದ್ದರೆ ಆಂಬ್ಯುಲೆನ್ಸ್‌ಗೆ 998.