ಹುಲ್ಲುಗಾವಲು ಪಾಳು ಭೂಮಿಯೇ? ಒಂದು ಪತಂಗದ ಬದುಕು ಹೇಳುವ ಉತ್ತರ

ಮಾಕಳಿಯಿಂದ ಹೆಸರಘಟ್ಟದ ಕಡೆಗೆ ಹೋದರೆ ಗೋದಾಮು, ಕಾರ್ಖಾನೆಗಳು ಹಿಂದೆ ಸರಿದು ಮರಗಳು ವಿರಳವಾಗಿರುವ ಹುಲ್ಲು ಬಯಲು ಸಿಗುತ್ತದೆ. 'ಇಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ, ಗಿಡ ನೆಡಬಾರದೇ?' ಎಂದು ಹಲವರಿಗೆ ಅನ್ನಿಸುತ್ತದೆ. ಆದರೆ ಈ ಜಾಗ ಸುಮ್ಮನೆ ಬಿದ್ದಿಲ್ಲ. ಅದೇಕೆ ಎಂದು ತಿಳಿಯಲು ನಾವು ಒಂದು ಪುಟ್ಟ ಪತಂಗದ ಬದುಕನ್ನು ನೋಡೋಣ.

ಯುಟಿಥೈಸಾ ಪುಲ್ಕೆಲ್ಲಾ ಎಂಬ ಈ ಪತಂಗ ಕರ್ನಾಟಕದ ತೆರೆದ ಬಯಲುಗಳಲ್ಲಿ ಕಾಣಸಿಗುತ್ತದೆ. ಬಿಳಿ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆಗಳಿವೆ. ಪತಂಗಗಳು ರಾತ್ರಿ ಮಾತ್ರ ಹಾರುತ್ತವೆ ಎಂಬ ನಂಬಿಕೆ ಇದಕ್ಕೆ ಹೊಂದುವುದಿಲ್ಲ. ಹಗಲಿನಲ್ಲಿ ಹುಲ್ಲಿನ ನಡುವೆ ನಡೆದರೆ ಎದ್ದು ಹಾರಿ, ಸ್ವಲ್ಪ ದೂರದಲ್ಲೇ ಕೂರುತ್ತದೆ.

ಹೆಣ್ಣು ಪತಂಗ ಮೊಟ್ಟೆ ಇಡುವ ಗಿಡಗಳಲ್ಲಿ ಮುಖ್ಯವಾದದ್ದು ಗಿಲಿಗಿಚ್ಚಿ. ಇದರ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಮಕ್ಕಳ ಗಿಲಕಿಯಂತೆ ಸದ್ದು ಬರುತ್ತದೆ. ಮೊಟ್ಟೆಯಿಂದ ಬಂದ ಕಂಬಳಿಹುಳು ಎಲೆ, ಹೂವು, ಎಳೆ ಕಾಯಿಗಳನ್ನು ತಿಂದು ಬೆಳೆದು, ಕೋಶವಾಗಿ, ನಂತರ ಪತಂಗವಾಗುತ್ತದೆ.

ಗಿಲಿಗಿಚ್ಚಿಯಲ್ಲಿ ದನಗಳ ಯಕೃತ್ತಿಗೆ ಹಾನಿ ಮಾಡಬಲ್ಲ ಆಲ್ಕಲಾಯ್ಡ್ ವಿಷವಿದೆ. ಕಂಬಳಿಹುಳು ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅದೇ ಅದರ ರಕ್ಷಾಕವಚ. ಇದರ ಅಮೆರಿಕದ ಸಂಬಂಧಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಆ ಪತಂಗ ಬಲೆಗೆ ಬಿದ್ದರೆ ಜೇಡವೇ ಎಳೆಗಳನ್ನು ಕತ್ತರಿಸಿ ಬಿಟ್ಟುಬಿಡುತ್ತದೆ! ಗಂಡು ಕೂಡುವಾಗ ಹೆಣ್ಣಿಗೆ ಈ ವಿಷವನ್ನು ದಾಟಿಸುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳಿಗೆ ಕೊಡುತ್ತದೆ. ಅಂದರೆ ತಂದೆ ತಾಯಿ ತಿಂದ ಗಿಡವೇ ಮರಿಗಳನ್ನೂ ಕಾಯುತ್ತದೆ.

ಈಗ ಆ ಬಯಲಿನ ತುಂಬ ಮರ ನೆಟ್ಟರೆ ಏನಾಗುತ್ತದೆ? ಬಿಸಿಲು ಬೇಡುವ ಗಿಲಿಗಿಚ್ಚಿಯಂಥ ಗಿಡಗಳು ನೆರಳಿನಲ್ಲಿ ಸೊರಗುತ್ತವೆ. ಗಿಡ ಹೋದರೆ ಕಂಬಳಿಹುಳುವಿಗೆ ಊಟವೂ ಇಲ್ಲ, ರಕ್ಷಣೆಯೂ ಇಲ್ಲ. ಆಫ್ರಿಕ, ದಕ್ಷಿಣ ಯೂರೋಪಿನಲ್ಲೂ ಇರುವ ಈ ಪತಂಗವೇನೂ ಅಪರೂಪದ್ದಲ್ಲ. ಬೆಂಗಳೂರಿನ ಸುತ್ತ ಅಪರೂಪವಾಗುತ್ತಿರುವುದು ಅದರ ಮನೆ. ಈ ಮನೆಯನ್ನೇ ನಂಬಿರುವ ಹಕ್ಕಿ, ಹುಳುಗಳು ಇನ್ನೂ ಎಷ್ಟೋ ಇವೆ.

2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೆಸರಘಟ್ಟದ 5,000ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಮರ ನೆಡುವುದು ಒಳ್ಳೆಯ ಕೆಲಸವೇ, ಆದರೆ ಎಲ್ಲೆಡೆಯೂ ಅಲ್ಲ. ಮುಂದಿನ ಬಾರಿ ಸಸಿ ಹಿಡಿದು ಬಯಲಿಗೆ ಹೊರಡುವ ಮುನ್ನ, ಅಲ್ಲಿ ಈಗಾಗಲೇ ಯಾರು ವಾಸವಿದ್ದಾರೆ ಎಂದು ಒಮ್ಮೆ ಬಗ್ಗಿ ನೋಡಿ.